ಲಿನೋ ಹಾಳೆಯ ಮೇಲೆ ನಮ್ಮ ಹಕ್ಕಿಗಳು: ಮಡಿವಾಳ ಹಕ್ಕಿಯಿಂದ ನೀಲಕಂಠದವರೆಗೆ

ದೂರದ ಕೊಂಬೆಯ ಮೇಲೆ ಕೂತ ಹಕ್ಕಿಯನ್ನು ಯಾರೂ ಗರಿ ಎಣಿಸಿ ಗುರುತು ಹಿಡಿಯುವುದಿಲ್ಲ. ಬಾಲ ಎತ್ತಿದ ರೀತಿ, ರೆಕ್ಕೆಯ ಮೇಲಿನ ಒಂದು ಬಿಳಿ ಪಟ್ಟೆ, ಕೊಕ್ಕಿನ ಬಾಗು, ತಲೆಯ ಜುಟ್ಟು ಕಂಡರೆ ಸಾಕು, ಹೆಸರು ಬಾಯಿಗೆ ಬರುತ್ತದೆ. ಲಿನೋ ಹಾಳೆಯನ್ನು ಕೆತ್ತಿ, ಇಂಕ್ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವ ಲಿನೋಕಟ್ ಕಲೆ ನಮ್ಮಿಂದ ಕೇಳುವುದೂ ಅಷ್ಟನ್ನೇ. ಅಲ್ಲಿ ಪೆನ್ಸಿಲಿನ ಮೆದು ನೆರಳಿಗೆ ಜಾಗವಿಲ್ಲ. ಕೆತ್ತಿ ತೆಗೆದದ್ದು ಬಿಳಿ, ಹಾಗೇ ಬಿಟ್ಟದ್ದು ಕಪ್ಪು, ನಡುವೆ ಏನೂ ಇಲ್ಲ. ಹಾಗಾಗಿ ಹಕ್ಕಿಯನ್ನು ಸರಿಯಾಗಿ ನೋಡಿದವರಿಗೆ ಕೆತ್ತನೆಯ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ನೋಡದೆ ಕೆತ್ತಲು ಕೂತರೆ ಎಷ್ಟು ದುಬಾರಿ ಉಳಿ ಇದ್ದರೂ ಹಾಳೆಯ ಮೇಲೆ ಬರುವುದು ಯಾವುದೋ ಒಂದು ಹಕ್ಕಿ, ನಿಮ್ಮ ಹಿತ್ತಲಿನ ಹಕ್ಕಿಯಲ್ಲ.

ಲಿನೋ ಎಂದರೆ ಲಿನೋಲಿಯಂ. ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿಯಾಗಿಸಿ, ಅದಕ್ಕೆ ಕಾರ್ಕ್ ಪುಡಿ, ಮರದ ಪುಡಿ, ರಾಳ ಸೇರಿಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಳೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ಕಂಡುಹಿಡಿದದ್ದು ನೆಲಕ್ಕೆ ಹಾಸಲು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಲಾವಿದರು ಮರದ ಅಚ್ಚಿನ ಜೊತೆಗೆ ಇದನ್ನೂ ಕೆತ್ತಲು ಶುರುಮಾಡಿದರು. ನಮ್ಮಲ್ಲಿ ಹೆಚ್ಚಿನವರು ನೋಡಿರುವ ಲಿನೋಕಟ್ ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ ‘ಬಾಪೂಜಿ’. ಕಪ್ಪು ಹಿನ್ನೆಲೆಯಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿ. ಹಕ್ಕಿ ಕೆತ್ತುವವರು ಆ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಷ್ಟು ಕಡಿಮೆ ಗೆರೆಗಳಲ್ಲಿ ಒಂದು ನಡಿಗೆ ಪೂರ್ತಿ ಬಂದಿದೆ ಎನ್ನುವುದು ಅಲ್ಲಿ ಕಾಣುತ್ತದೆ. ಮರಕ್ಕೆ ಎಳೆ ಇರುತ್ತದೆ, ಉಳಿಯನ್ನು ತನ್ನ ದಿಕ್ಕಿಗೆ ಎಳೆಯುತ್ತದೆ. ಲಿನೋಗೆ ಎಳೆಯಿಲ್ಲ, ಉಳಿ ಯಾವ ಕಡೆಗೆ ತಿರುಗಿಸಿದರೂ ಹೋಗುತ್ತದೆ. ಗರಿಗಳ ಬಾಗು ಕೆತ್ತಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಮೊದಲ ಹಕ್ಕಿ ಯಾವುದಾಗಿರಲಿ?

ನನ್ನ ಉತ್ತರ ಮಡಿವಾಳ ಹಕ್ಕಿ. ಗಂಡು ಹಕ್ಕಿಯ ತಲೆ, ಬೆನ್ನು, ಎದೆ ಹೊಳೆಯುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟೆ, ಬಾಲದ ಅಂಚಿನ ಗರಿಗಳೂ ಬಿಳಿ. ಒಂದೇ ಕಪ್ಪು ಇಂಕಿನಲ್ಲಿ ಇಡೀ ಹಕ್ಕಿ ಬರುತ್ತದೆ. ಬಾಲವನ್ನು ಮೇಲಕ್ಕೆತ್ತಿ ನಿಲ್ಲುವ ಠೀವಿಯಿಂದ ನೆರಳುಚಿತ್ರದಲ್ಲೂ ಗುರುತು ಸಿಗುತ್ತದೆ. ಊರಲ್ಲೂ ಪೇಟೆಯಲ್ಲೂ ಇದೆ. ಬೇಸಿಗೆಯ ಮುಂಜಾನೆ ಮನೆ ಮಾಳಿಗೆಯ ಅಂಚಿನಲ್ಲೋ ಕರೆಂಟು ಕಂಬದ ತುದಿಯಲ್ಲೋ ಕೂತು ಬಹಳ ಹೊತ್ತು ಹಾಡುತ್ತದೆ. ಚಿತ್ರ ಬರೆಯುವವರಿಗೆ ಇಷ್ಟು ಹೊತ್ತು ಒಂದೇ ಕಡೆ ಕೂರುವ ಹಕ್ಕಿ ಸಿಗುವುದು ಭಾಗ್ಯ.

ಹರಟೆಮಲ್ಲನಿಂದ ಶುರುಮಾಡಬೇಡಿ. ಅದರ ಚಂದ ಇರುವುದೇ ಮಣ್ಣಿನ ಬಣ್ಣದ ಹತ್ತಾರು ಛಾಯೆಗಳಲ್ಲಿ, ಲಿನೋಗೆ ಅದು ದಕ್ಕುವುದು ಕೈ ಪಳಗಿದ ಮೇಲೆ. ಹೆಣ್ಣು ಮಡಿವಾಳ ಹಕ್ಕಿಯೂ ಅಷ್ಟೇ, ಗಂಡಿನ ಕಪ್ಪು ಇರುವಲ್ಲೆಲ್ಲ ಅದಕ್ಕೆ ಬೂದುಬಣ್ಣ. ಚಂದ್ರಮುಕುಟ, ಕಪ್ಪು ಬಿಳುಪು ಮಿಂಚುಳ್ಳಿ, ಕೆಮ್ಮೀಸೆ ಪಿಕಳಾರ, ಟಿಟ್ಟಿಭ, ಮಂಗಟ್ಟೆ ಇವೆಲ್ಲ ಲಿನೋಗೆಂದೇ ಹುಟ್ಟಿದ ಹಾಗಿವೆ. ಅವನ್ನು ಎರಡನೆಯದಕ್ಕೋ ಮೂರನೆಯದಕ್ಕೋ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಕಲಾವಿದರಿಗೆಂದು ಮಾರುವ ಬೂದುಬಣ್ಣದ ಲಿನೋ ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪ ಇರುತ್ತದೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ತುಂಡು ಮೊದಲ ಹಕ್ಕಿಗೆ ಸರಿಯಾದ ಅಳತೆ. ಇದಕ್ಕಿಂತ ಚಿಕ್ಕದಾದರೆ ಕಣ್ಣು ಕೆತ್ತಲು ಕಷ್ಟ. ಮೆತ್ತನೆಯ ರಬ್ಬರಿನಂಥ ಹಾಳೆಗಳೂ ಸಿಗುತ್ತವೆ. ಮಕ್ಕಳಿಗೆ ಅವೇ ಒಳ್ಳೆಯವು, ಆದರೆ ಕೂದಲೆಳೆಯಷ್ಟು ಸಣ್ಣ ಗೆರೆ ಅವುಗಳಲ್ಲಿ ಲಿನೋದಷ್ಟು ಚೊಕ್ಕವಾಗಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ನೆಲಕ್ಕೆ ಹಾಸುವ ಹಾಳೆ ಕೇಳಿದರೆ ಈಗ ಕೊಡುವುದು ಬಹುಪಾಲು ಪ್ಲಾಸ್ಟಿಕ್ಕಿನ ವಿನೈಲ್. ಅದು ಲಿನೋ ಅಲ್ಲ. ನಿಜವಾದ ಲಿನೋಗೆ ಅಗಸೆ ಎಣ್ಣೆಯ ವಾಸನೆ ಇರುತ್ತದೆ, ಹಿಂದುಗಡೆ ಸೆಣಬಿನ ನೇಯ್ಗೆ ಕಾಣುತ್ತದೆ.

ಉಳಿಗಳು ಮೂರು ಸಾಕು: ಸಣ್ಣ ‘ವಿ’ ಬಾಯಿಯದೊಂದು, ಸಣ್ಣ ‘ಯು’ ಬಾಯಿಯದೊಂದು, ಹಿನ್ನೆಲೆ ತೆಗೆಯಲು ಅಗಲವಾದ ‘ಯು’ ಒಂದು. ಹತ್ತು ಉಳಿಗಳ ಅಗ್ಗದ ಡಬ್ಬಿಗಿಂತ ಚೂಪಾಗಿರುವ ಮೂರು ಉಳಿ ಮೇಲು. ಬಾಯಿ ಮೊಂಡಾದ ಉಳಿಯೇ ಕೈ ಕೊಯ್ಯುವುದು, ಯಾಕೆಂದರೆ ಅದಕ್ಕೆ ಜಾಸ್ತಿ ಬಲ ಹಾಕುತ್ತೇವೆ, ಅದು ಜಾರುತ್ತದೆ. ಹಳೆಯ ಚರ್ಮದ ಬೆಲ್ಟಿನ ತುಂಡಿಗೆ ಲೋಹ ಪಾಲಿಶ್ ಮಾಡುವ ಸಾಬೂನು ಹಚ್ಚಿಟ್ಟುಕೊಂಡು, ಆಗಾಗ ಉಳಿಯ ಬಾಯಿಯನ್ನು ಅದರ ಮೇಲೆ ಹಿಂದಕ್ಕೆ ಎಳೆದರೆ ಮೊನಚು ಉಳಿಯುತ್ತದೆ.

ರಬ್ಬರ್ ರೋಲರ್ ಒಂದು. ಇಂಕ್ ಹರಡಲು ದಪ್ಪ ಗಾಜಿನ ತುಂಡು, ಅಂಚಿಗೆ ಟೇಪು ಸುತ್ತಿರಲಿ. ಗಾಜು ಇಲ್ಲದಿದ್ದರೆ ಗ್ರಾನೈಟಿನ ತುಂಡೂ ನಡೆಯುತ್ತದೆ. ಇಂಕ್ ಎಣ್ಣೆಯದಾದರೆ ಒಳ್ಳೆಯದು. ನೀರಿನ ಇಂಕ್ ತೊಳೆಯಲು ಸುಲಭ, ಆದರೆ ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕಾಗದ ಇಡುವ ಮೊದಲೇ ಅಚ್ಚಿನ ಮೇಲೆ ಒಣಗಿಬಿಡುತ್ತದೆ. ನಮ್ಮಲ್ಲಿ ಎಷ್ಟೋ ಕಲಾ ವಿದ್ಯಾರ್ಥಿಗಳು ಬಳಸುವುದು ಪ್ರೆಸ್ಸಿನವರ ಆಫ್‌ಸೆಟ್ ಇಂಕ್. ಅಗ್ಗ, ಗಾಢ ಕಪ್ಪು. ತೀರಾ ಸಡಿಲ ಅನ್ನಿಸಿದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕಲಸಿ.

ಕಾಗದ ತೆಳ್ಳಗಿರಲಿ. ಯಂತ್ರವಿಲ್ಲದೆ ಕೈಯಲ್ಲೇ ಅಚ್ಚು ತೆಗೆಯುವವರು ದಪ್ಪ ಡ್ರಾಯಿಂಗ್ ಕಾಗದ ತಂದು ಸೋಲುತ್ತಾರೆ. ಕೈಯಿಂದ ತಯಾರಿಸಿದ ತೆಳು ಕಾಗದ, ನೇಪಾಳದ ಲೋಕ್ತಾ ಕಾಗದ, ಜಪಾನಿನ ವಾಶಿ ಇವು ಇಂಕನ್ನು ಚೆನ್ನಾಗಿ ಹೀರುತ್ತವೆ. ಉಜ್ಜಲು ಮರದ ಸೌಟು ಅಡುಗೆಮನೆಯಲ್ಲೇ ಇದೆ.

ಇನ್ನೊಂದು ಸಾಮಾನನ್ನು ಬಡಗಿಯ ಹತ್ತಿರ ಮಾಡಿಸಿಕೊಳ್ಳಿ. ಪ್ಲೈವುಡ್ ತುಂಡಿನ ಒಂದು ಅಂಚಿಗೆ ಕೆಳಗಡೆ ಒಂದು ಪಟ್ಟಿ, ಎದುರಿನ ಅಂಚಿಗೆ ಮೇಲ್ಗಡೆ ಒಂದು ಪಟ್ಟಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಲಿನೋ ಮೇಲಿನ ಪಟ್ಟಿಗೆ ಒತ್ತಿ ನಿಲ್ಲುತ್ತದೆ. ಎಡಗೈ ಉಳಿಯ ಮುಂದೆ ಹೋಗುವ ಪ್ರಸಂಗವೇ ಬರುವುದಿಲ್ಲ.

ನೋಡಿ, ಬರೆಯಿರಿ

ಇಂಟರ್ನೆಟ್ಟಿನಿಂದ ಒಬ್ಬ ಛಾಯಾಗ್ರಾಹಕರ ಫೋಟೋ ತೆಗೆದು ಅದರ ಮೇಲೆ ಟ್ರೇಸ್ ಮಾಡುವುದು ಬೇಡ. ಅದು ಅವರ ದುಡಿಮೆ, ಅನುಮತಿ ಇಲ್ಲದೆ ಮುಟ್ಟಬಾರದು. ಜೊತೆಗೆ ಫೋಟೋ ಎಲ್ಲ ಗರಿಗಳನ್ನೂ ಒಟ್ಟಿಗೆ ಕೊಟ್ಟು ಏನು ಬಿಡಬೇಕೆಂಬುದನ್ನೇ ಹೇಳುವುದಿಲ್ಲ. ಬೆಳಿಗ್ಗೆ ನಿಮ್ಮದೇ ಅಂಗಳದಲ್ಲಿ ಕೂತು, ಬ್ರಶ್ಶು ಮತ್ತು ಕಪ್ಪು ಇಂಕಿನಲ್ಲಿ ಬರೆಯಿರಿ. ಪೆನ್ಸಿಲ್ ಬೇಡ. ಬ್ರಶ್ಶು ಹಿಡಿದಾಗ ಗೆರೆಯ ಬದಲು ಕಪ್ಪಿನ ತುಂಡುಗಳನ್ನು ಯೋಚಿಸುವುದು ಅನಿವಾರ್ಯವಾಗುತ್ತದೆ. ಹಕ್ಕಿ ಹಾರಿಹೋದರೆ ಹೋಗಲಿ, ನೆನಪಿನಲ್ಲಿ ಉಳಿದಷ್ಟನ್ನು ಬರೆಯಿರಿ. ನೆನಪು ಮುಖ್ಯವಾದದ್ದನ್ನೇ ಉಳಿಸಿಕೊಂಡಿರುತ್ತದೆ.

ಕೂತು ಬರೆಯಲು ದೂರ ಹೋಗುವ ಮನಸ್ಸಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಬೀದಿಯಲ್ಲಿ ನಿಂತೇ ನೋಡಬಹುದು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ದೋಣಿಯಿಂದ ಹತ್ತಿರಕ್ಕೆ ಸಿಗುತ್ತವೆ. ಎಲ್ಲೇ ಆದರೂ ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಮರಿ ಸಾಕುವ ಸಮಯದಲ್ಲಿ ಅದು ತನ್ನ ಕೆಲಸ ಬಿಟ್ಟು ಆ ಸದ್ದಿನ ಹಿಂದೆ ಅಲೆಯುತ್ತದೆ.

ಈಗ ಮಡಿವಾಳ ಹಕ್ಕಿಯ ಚಿತ್ರದಲ್ಲಿ ಎದುರಾಗುವ ಮುಖ್ಯ ತೊಡಕಿಗೆ ಬರೋಣ. ಹೊಟ್ಟೆ ಬಿಳಿ, ಕಾಗದವೂ ಬಿಳಿ. ಹಿನ್ನೆಲೆಯನ್ನು ಪೂರ್ತಿ ತೆಗೆದರೆ ಹೊಟ್ಟೆ ಕಾಗದದಲ್ಲಿ ಕರಗಿಹೋಗುತ್ತದೆ. ಹೊಸಬರು ಸುಲಭಕ್ಕೆ ಹೊಟ್ಟೆಯ ಸುತ್ತ ಒಂದು ಕಪ್ಪು ಗೆರೆ ಬಿಡುತ್ತಾರೆ, ಹಕ್ಕಿ ಬಣ್ಣ ತುಂಬುವ ಪುಸ್ತಕದ ಚಿತ್ರದಂತಾಗುತ್ತದೆ. ಗೆರೆ ಬೇಡ. ಹೊಟ್ಟೆಯ ಹಿಂದೆ ಏನಾದರೂ ಕಪ್ಪನ್ನು ತನ್ನಿ. ಹಲಸಿನ ಎಲೆ ಒಳ್ಳೆಯದು, ಅಗಲ, ದಪ್ಪ, ಒಂದೇ ಬಣ್ಣ. ಎರಡು ಮೂರು ಎಲೆಗಳು ಹೊಟ್ಟೆಯ ಹಿಂದೆ ಬರುವಂತೆ ಕೊಂಬೆಯನ್ನು ಹೊಂದಿಸಿ. ಮೇಲ್ಗಡೆ ಕಪ್ಪು ಬೆನ್ನು ಬಿಳಿ ಆಕಾಶದ ಎದುರು, ಕೆಳಗಡೆ ಬಿಳಿ ಹೊಟ್ಟೆ ಕಪ್ಪು ಎಲೆಯ ಎದುರು. ಇಷ್ಟಾದರೆ ಚಿತ್ರ ತಾನಾಗಿ ನಿಲ್ಲುತ್ತದೆ. ಬಾಲದ ಬಿಳಿ ಅಂಚು ಆಕಾಶದ ಕಡೆಗಿದ್ದರೆ ಅದೂ ಕರಗುತ್ತದೆ, ಆದರೆ ಅಲ್ಲಿ ಹಾಗೇ ಬಿಡಿ. ಒಂದು ಅಂಚು ಕಳೆದುಹೋದರೆ ನೋಡುವವರ ಕಣ್ಣು ಅದನ್ನು ತುಂಬಿಕೊಳ್ಳುತ್ತದೆ. ಎರಡು ಮೂರು ಕಡೆ ಕಳೆದುಹೋದರೆ ಹಕ್ಕಿಯೇ ಕಳೆದುಹೋಗುತ್ತದೆ.

ಅಚ್ಚಿಗೆ ಇಳಿಸುವುದು

ಲಿನೋದ ಮೇಲ್ಮೈಯನ್ನು ತುಂಬಾ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇಂಕ್ ಸಮನಾಗಿ ಹಿಡಿಯುತ್ತದೆ. ಆಮೇಲೆ ತೆಳುವಾದ ಅಕ್ರಿಲಿಕ್ ಬಣ್ಣ ಬಳಿದು ಒಣಗಿಸಿ, ಯಾವ ಬಣ್ಣವಾದರೂ ಸರಿ. ಕೆತ್ತಿದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುವುದರಿಂದ ಎಷ್ಟು ಕೆತ್ತಿದ್ದೇವೆಂದು ಪ್ರತಿ ಕ್ಷಣವೂ ತಿಳಿಯುತ್ತದೆ.

ಅಚ್ಚಿನಲ್ಲಿ ಚಿತ್ರ ಎಡ ಬಲ ಅದಲು ಬದಲಾಗುತ್ತದೆ. ಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಮೆದು ಪೆನ್ಸಿಲಿನಲ್ಲಿ ಇಳಿಸಿ, ಆ ಮುಖವನ್ನೇ ಲಿನೋದ ಮೇಲೆ ಬೋರಲು ಹಾಕಿ ಹಿಂದಿನಿಂದ ಉಜ್ಜಿ. ಲಿನೋದಲ್ಲಿ ಚಿತ್ರ ತಿರುವುಮುರುವಾಗಿ ಬರುತ್ತದೆ, ಅಚ್ಚು ತೆಗೆದಾಗ ಮತ್ತೆ ನೇರವಾಗುತ್ತದೆ. ಕೆಳಗೆ ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಕೆತ್ತುವ ಆಸೆಯಿದ್ದರೆ ಅದನ್ನೂ ಇದೇ ಟ್ರೇಸಿಂಗ್ ಕಾಗದದ ಮೇಲೆ ನೇರವಾಗಿ ಬರೆದು ಬೋರಲು ಹಾಕಿ. ಅಂದಾಜಿನಲ್ಲಿ ತಿರುಗಿಸಿ ಬರೆಯಹೋದರೆ ಒತ್ತಕ್ಷರ, ಕೊಂಬು, ದೀರ್ಘ ಎಲ್ಲವೂ ಎಡವುತ್ತವೆ. ಇಳಿಸಿದ ಮೇಲೆ ಕಪ್ಪಾಗಿ ಉಳಿಯಬೇಕಾದ ಭಾಗಗಳನ್ನು ಪರ್ಮನೆಂಟ್ ಮಾರ್ಕರಿನಲ್ಲಿ ತುಂಬಿಬಿಡಿ. ಕೆತ್ತುವಾಗ ಯೋಚಿಸುತ್ತಾ ಕೂರುವ ಅಗತ್ಯವೇ ಬರಬಾರದು.

ಕೆತ್ತನೆ

ಲಿನೋ ಗಟ್ಟಿಯಾಗಿದ್ದರೆ ಹತ್ತು ನಿಮಿಷ ಬಿಸಿಲಿಗಿಡಿ. ಮಳೆಗಾಲದಲ್ಲಿ ಬಟ್ಟೆ ಹೊದಿಸಿ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒಮ್ಮೆ ಆಡಿಸಿದರೆ ಸಾಕು. ಬೆಚ್ಚಗಿನ ಲಿನೋದಲ್ಲಿ ಉಳಿ ತಡೆಯಿಲ್ಲದೆ ಓಡುತ್ತದೆ. ಉಳಿಯನ್ನು ಅಂಗೈಯಲ್ಲಿ ಹಿಡಿದು, ತೋರುಬೆರಳನ್ನು ಅದರ ಬೆನ್ನ ಮೇಲೆ ಚಾಚಿ, ಮೇಲ್ಮೈಗೆ ಆದಷ್ಟು ಮಲಗಿಸಿ ತಳ್ಳಿ. ತಿರುವು ಬಂದಾಗ ಕೈ ತಿರುಗಿಸಬೇಡಿ, ಇನ್ನೊಂದು ಕೈಯಲ್ಲಿ ಲಿನೋವನ್ನೇ ತಿರುಗಿಸಿ. ಬಾಗಿದ ಗೆರೆ ನಯವಾಗಿ ಬರುವುದು ಹೀಗೆ ಮಾತ್ರ.

ನಾನು ಕಣ್ಣಿನಿಂದ ಶುರುಮಾಡಿ ಅನ್ನುತ್ತೇನೆ. ಕಣ್ಣು ಕೆಟ್ಟರೆ ಹಕ್ಕಿಯೇ ಕೆಟ್ಟಂತೆ. ಕೊನೆಗೆ ಇಟ್ಟುಕೊಂಡು ಕೆಡಿಸಿಕೊಂಡರೆ ಆವರೆಗಿನ ಶ್ರಮವೆಲ್ಲ ವ್ಯರ್ಥ, ಮೊದಲೇ ಕೆಟ್ಟರೆ ಹಾಳೆಯ ಇನ್ನೊಂದು ತುಂಡು ತೆಗೆದುಕೊಳ್ಳಬಹುದು. ಮಡಿವಾಳ ಹಕ್ಕಿಯ ಕಣ್ಣು ಕಡುಗಂದು, ಕಪ್ಪು ತಲೆಯೊಳಗೆ ಹುದುಗಿರುತ್ತದೆ. ದೂರದಿಂದ ಕಾಣುವುದು ಅದರಲ್ಲಿ ಮಿಂಚುವ ಬೆಳಕಿನ ಚುಕ್ಕಿ ಮಾತ್ರ. ಸಣ್ಣ ‘ವಿ’ ಉಳಿಯ ತುದಿಯನ್ನು ನೇರವಾಗಿ ಊರಿ, ಲಿನೋವನ್ನು ಒಂದು ಸುತ್ತು ತಿರುಗಿಸಿದರೆ ಸಾಸಿವೆಗಿಂತ ಚಿಕ್ಕ ಗುಂಡಿ ಬರುತ್ತದೆ. ಅದು ಕಣ್ಣಿನ ನಡುವೆ ಅಲ್ಲ, ಬೆಳಕು ಬರುವ ಕಡೆಗೆ, ಮೇಲಿನ ಅಂಚಿಗೆ ತಾಗಿದಂತೆ ಇರಲಿ. ಆಮೇಲೆ ಕಣ್ಣಿನ ಕೆಳ ಅಂಚಿನಲ್ಲಿ ಅರ್ಧ ಬಳೆಯಷ್ಟು ತೆಳು ಗೆರೆ. ಪೂರ್ತಿ ಬಳೆ ಬರೆದರೆ ಹಕ್ಕಿ ಬೆಚ್ಚಿಬಿದ್ದಂತೆ ಕಾಣುತ್ತದೆ. ಕೊಕ್ಕಿನ ಬಾಯಿಗೆರೆಯನ್ನು ಕಣ್ಣಿನ ಕೆಳಗೆ ಸ್ವಲ್ಪ ದೂರದವರೆಗೆ ಮಾತ್ರ ತನ್ನಿ, ಅಲ್ಲೇ ನಿಲ್ಲಿಸಿ.

ಕಣ್ಣಿನ ನಂತರ ರೆಕ್ಕೆಯ ಬಿಳಿ ಪಟ್ಟೆ. ಇದು ಅಳತೆಗೋಲು ಇಟ್ಟು ಎಳೆದ ಗೆರೆಯಲ್ಲ. ಹೆಗಲಿನ ಹತ್ತಿರದ ಚಿಕ್ಕ ಬಿಳಿ ಗರಿಗಳೂ ಅವುಗಳ ಹಿಂದಿನ ಉದ್ದ ಗರಿಗಳ ಬಿಳಿ ಅಂಚುಗಳೂ ಸೇರಿ ಆದ ಪಟ್ಟೆ. ಹಾಗಾಗಿ ಮೇಲಿನ ಭಾಗವನ್ನು ‘ಯು’ ಉಳಿಯಿಂದ ಚಿಕ್ಕಚಿಕ್ಕ ಹೊಡೆತಗಳಲ್ಲಿ, ಕೆಳಗಿನದನ್ನು ಒಂದೆರಡು ಉದ್ದನೆಯ ಎಳೆತಗಳಲ್ಲಿ ಕೆತ್ತಿ. ಅಂಚು ಸ್ವಲ್ಪ ಒರಟಾಗಿಯೇ ಇರಲಿ, ಗರಿ ಅನ್ನಿಸುವುದು ಆ ಒರಟಿನಿಂದ.

ಕಪ್ಪು ಬೆನ್ನಿನ ಹೊಳಪಿಗೆ ಏನು ಮಾಡಬೇಕು? ಆದಷ್ಟು ಕಡಿಮೆ. ‘ವಿ’ ಉಳಿಯಿಂದ ತಲೆಯಿಂದ ಬಾಲದ ಕಡೆಗೆ ಹೋಗುವ ಐದಾರು ಕುಡಿಗೆರೆಗಳು, ಹೆಗಲ ಉಬ್ಬು ಇರುವಲ್ಲಿ ಮಾತ್ರ. ಗರಿಗಳು ಬೆಳೆಯುವ ದಿಕ್ಕಿಗೆ ವಿರುದ್ಧವಾಗಿ ಒಂದು ಗೆರೆಯೂ ಬರಬಾರದು. ಉಳಿ ಹಿಡಿದ ಖುಷಿಯಲ್ಲಿ ಮೈತುಂಬ ಗೆರೆ ಹಾಕಿದರೆ ಕಪ್ಪು ಹಕ್ಕಿ ಬೂದು ಹಕ್ಕಿಯಾಗುತ್ತದೆ. ಬಿಟ್ಟ ಕಪ್ಪನ್ನು ಯಾವಾಗ ಬೇಕಾದರೂ ಕೆತ್ತಬಹುದು, ಕೆತ್ತಿದ್ದನ್ನು ಮತ್ತೆ ತುಂಬಲಾಗುವುದಿಲ್ಲ. ಹೊಟ್ಟೆಯನ್ನು ಪೂರ್ತಿ ತೆಗೆಯಿರಿ. ಎದೆಯ ಕಪ್ಪು ಹೊಟ್ಟೆಯ ಬಿಳಿಗೆ ಸೇರುವ ಗಡಿಯಲ್ಲಿ ಮಾತ್ರ ಸಣ್ಣ ಹಲ್ಲುಗಳಂತೆ ಗೆರೆಗಳು ಒಂದರೊಳಗೊಂದು ಇಳಿಯಲಿ.

ಗೆರೆಯ ಗೋಡೆ ಯಾವಾಗಲೂ ಹೊರಕ್ಕೆ ಇಳಿಜಾರಾಗಿರಬೇಕು. ಉಳಿಯನ್ನು ಓರೆ ಹಿಡಿದು ಒಳಗೆ ಕೊರೆದರೆ ಕಾಲಿನಂಥ ತೆಳು ಭಾಗಗಳು ಅಡಿಪಾಯ ಕಳೆದುಕೊಂಡು ನಾಲ್ಕೈದು ಅಚ್ಚುಗಳಲ್ಲೇ ಮುರಿಯುತ್ತವೆ. ಸಣ್ಣ ಗೆರೆಗೆ ಒಂದು ಮಿಲಿಮೀಟರ್ ಆಳವೂ ಬೇಕಿಲ್ಲ. ಅಗಲವಾದ ಆಕಾಶಕ್ಕೆ ಮಾತ್ರ ಆಳ ಬೇಕು, ಯಾಕೆಂದರೆ ರೋಲರ್ ಅಲ್ಲಿ ತಗ್ಗಿ ತಳ ಮುಟ್ಟುತ್ತದೆ. ಎಷ್ಟು ತೆಗೆದರೂ ಆಕಾಶದಲ್ಲಿ ಕೆಲವು ಉಳಿಯ ಗೀರುಗಳು ಅಚ್ಚಿಗೆ ಬರುತ್ತವೆ. ಅವನ್ನು ಒಂದೊಂದಾಗಿ ಅಳಿಸುತ್ತಾ ಕೂರಬೇಡಿ, ಲಿನೋಕಟ್ಟಿನ ಜೀವ ಅಲ್ಲಿದೆ. ಆದರೆ ಮೊದಲೇ ಯೋಚಿಸಿ ಆಕಾಶವನ್ನೆಲ್ಲ ಒಂದೇ ದಿಕ್ಕಿಗೆ, ಕೊಂಬೆ ಓಡುವ ದಿಕ್ಕಿಗೆ ಕೆತ್ತಿ. ಗೀರು ಬಂದರೂ ಅದು ಗಾಳಿಯಂತೆ ಕಾಣುತ್ತದೆ.

ಅರ್ಧ ಕೆತ್ತಿದ ಮೇಲೆ ಮೇಲೊಂದು ತೆಳು ಕಾಗದ ಇಟ್ಟು ಮಕ್ಕಳ ಮೇಣದ ಬಣ್ಣದಿಂದ ಉಜ್ಜಿ ನೋಡಿ. ಇಂಕ್ ಹಚ್ಚದೆಯೇ ಚಿತ್ರ ಎಲ್ಲಿಗೆ ಬಂದಿದೆಯೆಂದು ಗೊತ್ತಾಗುತ್ತದೆ.

ಅಚ್ಚು ತೆಗೆಯುವುದು

ಗಾಜಿನ ಮೇಲೆ ಅರ್ಧ ಚಮಚದಷ್ಟು ಇಂಕ್ ಹಾಕಿ, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಆಡಿಸಿ, ನಡುನಡುವೆ ಎತ್ತಿ ಮತ್ತೆ ಇಡಿ. ಇಂಕ್ ಎಷ್ಟಿದೆ ಎನ್ನುವುದನ್ನು ಕಿವಿಯೇ ಹೇಳುತ್ತದೆ. ಪಚಪಚ ಸದ್ದು ಬಂದರೆ ಜಾಸ್ತಿಯಾಗಿದೆ, ಚುರುಚುರು ಎಂಬ ಸಣ್ಣ ಸದ್ದು ಒಂದೇ ಸಮ ಬಂದರೆ ಸರಿಯಾಗಿದೆ. ಲಿನೋದ ಮೇಲೆ ಒಮ್ಮೆಲೇ ದಪ್ಪಗೆ ಹಚ್ಚದೆ, ತೆಳು ಪದರಗಳನ್ನು ಮೂರು ನಾಲ್ಕು ಸಲ ಹಚ್ಚಿ. ಇಂಕ್ ಜಾಸ್ತಿಯಾದರೆ ಮೊದಲು ತುಂಬಿಹೋಗುವುದು ಕಣ್ಣಿನ ಚುಕ್ಕಿ.

ಕಾಗದ ಪ್ರತಿ ಸಲವೂ ಒಂದೇ ಜಾಗಕ್ಕೆ ಬರಲು ಒಂದು ದಪ್ಪ ರಟ್ಟಿನ ಮೇಲೆ ಲಿನೋದ ಜಾಗವನ್ನು ಗುರುತು ಮಾಡಿ, ಕಾಗದದ ಎರಡು ಮೂಲೆ ಬರುವಲ್ಲಿ ರಟ್ಟಿನ ಸಣ್ಣ ತುಂಡುಗಳನ್ನು ಅಂಟಿಸಿಕೊಳ್ಳಿ. ಕಾಗದವನ್ನು ಆ ಮೂಲೆಗಳಿಗೆ ತಾಗಿಸಿ, ನಿಧಾನ ಕೆಳಗಿಳಿಸಿ, ಅಂಗೈಯಿಂದ ಒಮ್ಮೆ ಒತ್ತಿ. ಮೇಲೊಂದು ಬಟರ್ ಪೇಪರ್ ಇಟ್ಟು, ಸೌಟಿನ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸಣ್ಣಸಣ್ಣ ಸುತ್ತುಗಳಲ್ಲಿ ಉಜ್ಜಿ. ತೆಳು ಕಾಗದವಾದರೆ ಹಕ್ಕಿಯ ಆಕಾರ ಹಿಂದಿನಿಂದಲೇ ಕಾಣತೊಡಗುತ್ತದೆ. ಒಂದು ಮೂಲೆಯನ್ನು ಒತ್ತಿಹಿಡಿದು ಎದುರಿನ ಮೂಲೆಯನ್ನು ಎತ್ತಿ ನೋಡಿ. ಎಲ್ಲಾದರೂ ಮಸುಕಿದ್ದರೆ ಮತ್ತೆ ಇಳಿಸಿ ಅಲ್ಲಿ ಉಜ್ಜಿ.

ಮೊದಲ ಒಂದೆರಡು ಅಚ್ಚು ಮಂಕಾಗಿಯೇ ಬರುತ್ತವೆ, ಲಿನೋ ಇನ್ನೂ ಇಂಕ್ ಕುಡಿಯುತ್ತಿರುತ್ತದೆ. ಮೂರನೆಯದರಿಂದ ಲೆಕ್ಕ. ಎಲ್ಲ ಕಡೆ ಚುಕ್ಕಿಚುಕ್ಕಿಯಾಗಿ ಬಿಳಿ ಕಂಡರೆ ಇಂಕ್ ಅಥವಾ ಒತ್ತಡ ಸಾಲದು. ಗೆರೆಗಳ ಅಂಚು ಜಿಬುರಾಗಿ ದಪ್ಪವಾಗಿದ್ದರೆ ಇಂಕ್ ಹೆಚ್ಚಾಗಿದೆ, ಹಳೆಯ ನ್ಯೂಸ್‌ಪೇಪರಿನ ಮೇಲೆ ಒಂದು ಅಚ್ಚು ತೆಗೆದು ಮುಂದುವರಿಯಿರಿ. ಒಂದೇ ಜಾಗದಲ್ಲಿ ಪ್ರತಿ ಸಲವೂ ಬಿಳಿ ಚುಕ್ಕಿ ಬಂದರೆ ಅಲ್ಲಿ ಲಿನೋದ ಚೂರು ಅಂಟಿದೆ, ಟೇಪಿನಿಂದ ಎತ್ತಿ ತೆಗೆಯಿರಿ.

ಬಣ್ಣಕ್ಕೆ ಬಂದಾಗ: ನೀಲಕಂಠ

ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವನ್ನು ಮೈಯೆಲ್ಲ ನವಿಲುನೀಲಿ ಮಾಡಿ ಬರೆದ ಚಿತ್ರಗಳು ಬೇಕಾದಷ್ಟಿವೆ. ಹೊಲದ ಬದಿಯ ತಂತಿಯ ಮೇಲೆ ಕೂತ ನಿಜವಾದ ಹಕ್ಕಿ ಹಾಗಿಲ್ಲ. ಬೆನ್ನು, ಎದೆ ಕಂದು. ನೆತ್ತಿಯಲ್ಲಿ, ಹೊಟ್ಟೆಯ ಕೆಳಗೆ, ಮಡಿಸಿದ ರೆಕ್ಕೆಯ ಅಂಚಿನಲ್ಲಿ ಮಾತ್ರ ನೀಲಿ ಇಣುಕುತ್ತದೆ. ಮಿಡತೆಯ ಮೇಲೆ ಎರಗಲು ರೆಕ್ಕೆ ಬಿಚ್ಚಿದಾಗ ತಿಳಿನೀಲಿಯೂ ಕಡುನೀಲಿಯೂ ಪಟ್ಟೆಪಟ್ಟೆಯಾಗಿ ತೆರೆದುಕೊಳ್ಳುತ್ತವೆ. ಹಾಗಾಗಿ ಇದನ್ನು ಹಾರುತ್ತಿರುವಂತೆಯೇ ಕೆತ್ತಬೇಕು. ಎರಡು ವಿಧಾನ ಸೇರಿಸಿದರೆ ಇದು ಸುಲಭ.

ಮೊದಲನೆಯದು ತುಂಡು ಜೋಡಿಸುವ ವಿಧಾನ. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ ಮರದ ಅಚ್ಚುಗಳನ್ನು ಗರಗಸದಿಂದ ತುಂಡು ಮಾಡಿ, ಬೇರೆಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಒತ್ತುತ್ತಿದ್ದ. ಲಿನೋಗೆ ಗರಗಸವೂ ಬೇಡ, ಚೂಪಾದ ಕಟ್ಟರ್ ಸಾಕು. ಇಡೀ ಹಕ್ಕಿಯನ್ನು ಹೊರ ಅಂಚಿನಗುಂಟ ಕತ್ತರಿಸಿ ತೆಗೆಯಿರಿ, ಹಿನ್ನೆಲೆ ಕೆತ್ತುವ ಕೆಲಸವೇ ಇಲ್ಲ. ಆಮೇಲೆ ಕಂದು ಬಣ್ಣದ ಮೈಯನ್ನು ರೆಕ್ಕೆ ಬಾಲಗಳಿಂದ ಬೇರ್ಪಡಿಸಿ. ಜೋಡಿಸಿದಾಗ ನಡುವೆ ಕೂದಲೆಳೆಯಷ್ಟು ಬಿಳಿ ಸಂದು ಉಳಿಯುತ್ತದೆ. ಕತ್ತರಿಸುವ ಗೆರೆಯನ್ನು ರೆಕ್ಕೆ ಮೈಗೆ ಸೇರುವ ಮಡಿಕೆಯ ಮೇಲೇ ಒಯ್ದರೆ ಆ ಸಂದು ಬೆಳಕಿನ ಗೆರೆಯಾಗುತ್ತದೆ.

ಎರಡನೆಯದು ಒಂದೇ ಅಚ್ಚನ್ನು ಹಂತಹಂತವಾಗಿ ಕೆತ್ತುತ್ತಾ ಹೋಗುವ ವಿಧಾನ. ಪಿಕಾಸೊ 1950ರ ದಶಕದ ಕೊನೆಯಲ್ಲಿ ಇದನ್ನು ಕೈಗೆತ್ತಿಕೊಂಡ ಮೇಲೆ ಹೆಸರುವಾಸಿಯಾಯಿತು. ರೆಕ್ಕೆ ಬಾಲಗಳ ತುಂಡಿನಲ್ಲಿ ಮೊದಲು ಕಾಗದದ ಬಿಳಿಯೇ ಉಳಿಯಬೇಕಾದ ಸಣ್ಣ ಮಿಂಚುಗೆರೆಗಳನ್ನು ಮಾತ್ರ ಕೆತ್ತಿ. ಅದಕ್ಕೆ ತಿಳಿನೀಲಿ, ಮೈಗೆ ಕಂದು ಹಚ್ಚಿ, ಜೋಡಿಸಿ, ಅಂದುಕೊಂಡಷ್ಟು ಪ್ರತಿಗಳನ್ನೂ ಒಂದೇ ಸಲ ತೆಗೆದುಬಿಡಿ. ಹತ್ತು ಬೇಕಿದ್ದರೆ ಹದಿನಾಲ್ಕು ತೆಗೆಯಿರಿ, ಮುಂದಿನ ಸುತ್ತಿನಲ್ಲಿ ಕೆಲವು ಜಾರಿ ಕೆಡುವುದು ಖಂಡಿತ. ಒಣಗಿದ ಮೇಲೆ ರೆಕ್ಕೆಯಲ್ಲಿ ತಿಳಿನೀಲಿಯಾಗಿ ಉಳಿಯಬೇಕಾದ ಪಟ್ಟೆಗಳನ್ನೆಲ್ಲ ಕೆತ್ತಿ ತೆಗೆಯಿರಿ, ಬಾಲದಲ್ಲೂ ತುದಿಯ ಕಡುಪಟ್ಟೆ ಬಿಟ್ಟು ಉಳಿದದ್ದನ್ನು. ಈಗ ಉಳಿದ ಭಾಗಕ್ಕೆ ಪ್ರಶ್ಯನ್ ನೀಲಿ ಹಚ್ಚಿ ಅದೇ ಹಾಳೆಗಳ ಮೇಲೆ ಒತ್ತಿ. ಬೇಕಿದ್ದರೆ ಮೈಯ ತುಂಡಿನಲ್ಲಿ ಕಣ್ಣಿನ ಗೆರೆ, ಕೊಕ್ಕು ಮಾತ್ರ ಬಿಟ್ಟು ಉಳಿದದ್ದನ್ನು ತೆಗೆದು, ಇದೇ ಸುತ್ತಿನಲ್ಲಿ ಕಪ್ಪು ಒತ್ತಬಹುದು.

ಎರಡನೆಯ ಸುತ್ತು ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರುವುದು ರಟ್ಟಿನ ಮೇಲೆ ಅವಲಂಬಿಸಿದೆ. ಕತ್ತರಿಸಿದ ಹಕ್ಕಿಯನ್ನು ರಟ್ಟಿನ ಮೇಲಿಟ್ಟು ಸುತ್ತಲೂ ಪೆನ್ನಿನಲ್ಲಿ ಗೆರೆ ಎಳೆದುಕೊಂಡಿರಿ, ತುಂಡುಗಳು ಪ್ರತಿ ಸಲವೂ ಆ ಗೆರೆಯೊಳಗೇ ಕೂರಬೇಕು. ಒಂದು ನೂಲು ಆಚೀಚೆಯಾದರೂ ರೆಕ್ಕೆ ಎರಡೆರಡಾಗಿ ಕಾಣುತ್ತದೆ. ಈ ವಿಧಾನದಲ್ಲಿ ಹಿಂದಕ್ಕೆ ಹೋಗುವ ದಾರಿಯಿಲ್ಲ. ಕಡುನೀಲಿಗೆ ಕೆತ್ತಿದ ಮೇಲೆ ಮತ್ತೊಂದು ಪ್ರತಿ ಬೇಕೆಂದರೆ ಸಿಗುವುದಿಲ್ಲ. ನನಗೆ ಈ ವಿಧಾನ ಇಷ್ಟವಾಗುವುದು ಇದೇ ಕಾರಣಕ್ಕೆ. ಪ್ರತಿ ಹಂತದಲ್ಲೂ ಹಕ್ಕಿಯನ್ನು ಮತ್ತೊಮ್ಮೆ ನೋಡಿ ತೀರ್ಮಾನಿಸಲೇಬೇಕಾಗುತ್ತದೆ.

ಒಣಗಿಸುವುದು, ತೊಳೆಯುವುದು, ಸಹಿ

ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ. ಎಣ್ಣೆ ಇಂಕ್ ಬಯಲುಸೀಮೆಯ ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೆ ಒಣಗಿದರೆ ಮಲೆನಾಡಿನ ಆಷಾಢದಲ್ಲಿ ವಾರ ದಾಟುತ್ತದೆ, ಕಾಗದಕ್ಕೆ ಬೂಸ್ಟೂ ಹಿಡಿಯುತ್ತದೆ. ಬಣ್ಣದ ಅಚ್ಚುಗಳನ್ನು ಮಳೆ ಕಳೆದ ಮೇಲೆ ಇಟ್ಟುಕೊಳ್ಳುವುದು ಜಾಣತನ.

ಗಾಜು, ರೋಲರ್, ಲಿನೋಗಳನ್ನು ಸೀಮೆಎಣ್ಣೆಯಿಂದ ಒರೆಸುವ ರೂಢಿ ಕೆಲವೆಡೆ ಇದೆ. ಅಡುಗೆ ಎಣ್ಣೆ ಹಚ್ಚಿ ಇಂಕ್ ಬಿಡಿಸಿ, ಆಮೇಲೆ ಪಾತ್ರೆ ತೊಳೆಯುವ ಸಾಬೂನಿನಿಂದ ಒರೆಸಿದರೆ ಅಷ್ಟೇ ಚೊಕ್ಕವಾಗುತ್ತದೆ, ಮನೆಯೊಳಗೆ ವಾಸನೆಯೂ ಇಲ್ಲ. ಅಗಸೆ ಎಣ್ಣೆಯ ಇಂಕ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ತಾನಾಗಿ ಬೆಂಕಿ ಹತ್ತುವ ಅಪಾಯವಿದೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಸಹಿ ಪೆನ್ಸಿಲಿನಲ್ಲೇ, ಚಿತ್ರದ ಕೆಳಗೆ. ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. 3/10 ಎಂದರೆ ಒಟ್ಟು ಹತ್ತು ಪ್ರತಿಗಳಲ್ಲಿ ಮೂರನೆಯದು. ಹತ್ತು ಎಂದು ಬರೆದ ಮೇಲೆ ಹನ್ನೊಂದನೆಯದನ್ನು ತೆಗೆಯಬಾರದು, ಕೊಂಡವರ ನಂಬಿಕೆ ಅದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಗೆ ಹೋದರೆ ಮುದ್ರಣ ಕಲೆಯವರ ಹತ್ತಿರ ನಿಂತು ಈ ಸಂಖ್ಯೆಗಳನ್ನೂ ಕಾಗದವನ್ನೂ ನೋಡಿ. ಯಂತ್ರದಲ್ಲಿ ದೊಡ್ಡ ಅಚ್ಚು ತೆಗೆಯುವುದನ್ನು ಕ್ರಮವಾಗಿ ಕಲಿಯಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ಮೈಸೂರಿನ ಕಲಾ ಕಾಲೇಜು ಕಾವಾದಲ್ಲೂ ಗ್ರಾಫಿಕ್ ವಿಭಾಗಗಳಿವೆ.

ನೀಲಕಂಠ ಮುಗಿದ ಮೇಲೆ ಮತ್ತೆ ಒಂದೇ ಇಂಕಿಗೆ ಮರಳಿ, ಕಪ್ಪು ಬಿಳುಪು ಮಿಂಚುಳ್ಳಿಯ ಜೋಡಿಯನ್ನು ಎರಡು ತುಂಡು ಲಿನೋದಲ್ಲಿ ಕೆತ್ತಿ. ಕೆರೆಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕನ್ನು ನೀರಿಗೆ ಗುರಿಮಾಡಿದ ಭಂಗಿ ಚೆನ್ನ. ಗಂಡಿನ ಎದೆಯ ಮೇಲೆ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾದದ್ದು. ಆ ತುಂಡಾದ ಜಾಗದಲ್ಲಿ ‘ಯು’ ಉಳಿಯ ಒಂದೇ ಎಳೆತ ಸಾಕು. ಕೆರೆ ಬದಿಯಲ್ಲಿ ಈ ಹಕ್ಕಿಗಳನ್ನು ನೋಡಿ ಬೆಳೆದವರು ಯಾವುದು ಗಂಡು, ಯಾವುದು ಹೆಣ್ಣು ಎಂದು ಅಷ್ಟರಿಂದಲೇ ಹೇಳುತ್ತಾರೆ.